ದೇವರ ಬಾಯಿಗೆ ಸಿಮೆಂಟು

ಗುಡಿಯ ಹೊಸ್ತಿಲು ರಸ್ತೆಗಿಂತ ಮೊಣಕಾಲುದ್ದ ಕೆಳಗಿತ್ತು. ಮೊದಲ ದಿನ ಅದನ್ನು ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಗುಡಿಯೇನೂ ಕುಸಿದಿರಲಿಲ್ಲ, ರಸ್ತೆ ಏರಿತ್ತು. ಡಾಂಬರು ಕಿತ್ತುಹೋದಾಗಲೆಲ್ಲ ಹಳೆಯದರ ಮೇಲೆಯೇ ಹೊಸದನ್ನು ಸುರಿದು ಸುರಿದು, ಹಳಿಯಾಳ ತಾಲ್ಲೂಕಿನ ಆ ಸಣ್ಣ ಊರಿನ ಶಿವನನ್ನು ಹೊಂಡದಲ್ಲಿ ಕೂರಿಸಿಬಿಟ್ಟಿದ್ದರು.

ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಇಂಜಿನಿಯರು ನಾನು, ಧಾರವಾಡದವಳು. ಮುಂಡಗೋಡದ ಹತ್ತಿರ ಒಂದು ಮಠದ ಮಾಳಿಗೆ ಸೋರುವುದನ್ನು ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ನಮ್ಮ ಸಂಸ್ಥೆಯವರು ನನ್ನನ್ನು ಇಲ್ಲಿಗೆ ಅಟ್ಟಿದರು. ಹೇಳಿದ ಕೆಲಸ ಒಂದೇ: ಈ ಮಳೆಗಾಲದಲ್ಲಿ ಗರ್ಭಗುಡಿಯ ಹಿಂದಿನ ಗೋಡೆ ಬೀಳಬಾರದು. ಗುಡಿ ಕದಂಬರ ಕಾಲದ್ದು ಎಂದು ಊರವರು ಹೇಳುತ್ತಾರೆ. ಅದರ ಬಗ್ಗೆ ನಾನು ತಕರಾರು ತೆಗೆಯುವುದಿಲ್ಲ.

ಇಂಥ ಗುಡಿಗಳ ಗೋಡೆ ನೋಡುವುದಕ್ಕೆ ಇಡೀ ಕಲ್ಲು. ನಿಜದಲ್ಲಿ ಅದು ಎರಡು ಸಾಲು. ಹೊರಗೊಂದು, ಒಳಗೊಂದು, ನಡುವೆ ಕಲ್ಲುಚೂರು, ಮಣ್ಣು, ಸುಣ್ಣದ ತುಂಬುವಿಕೆ. ಒಣಗಿರುವಷ್ಟು ಕಾಲ ಆನೆ ಬಂದು ಒದ್ದರೂ ಅಲುಗದು. ನೀರು ಕುಡಿದರೆ ಮಾತ್ರ ನಡುವಿನ ಮಣ್ಣು ಕೆಸರಾಗಿ ಕೆಳಕ್ಕೆ ಜಾರಿ ಹೊರಗಿನ ಕಲ್ಲುಗಳನ್ನು ಮುಂದಕ್ಕೆ ನೂಕುತ್ತದೆ. ನಮ್ಮ ಕಡೆ ಕಲ್ಲು ಕಟ್ಟುವ ಗೌಂಡಿಗಳು ಅದಕ್ಕೆ ಗೋಡೆಗೆ ಹೊಟ್ಟೆ ಬಂತು ಎನ್ನುತ್ತಾರೆ. ಈ ಗೋಡೆಗೆ ಹೊಟ್ಟೆ ಬಂದಿತ್ತು. ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕೂ ಇತ್ತು. ನಾನು ಬಿರುಕಿನ ಎರಡೂ ದಡಕ್ಕೆ ಸೇರುವ ಹಾಗೆ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಗೋಡೆ ಕೂದಲಿನಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಅದಕ್ಕಿಂತ ನಂಬಿಗಸ್ತ ಕಾವಲುಗಾರ ಇಲ್ಲ.

ಮಳೆ ಈ ಸೀಮೆಗೆ ಹೊಸದಲ್ಲ. ಜೋಯಿಡಾ, ಅಂಬಿಕಾನಗರದ ಕಡೆ ಮೋಡ ಕಟ್ಟಿದರೆ ಇಲ್ಲಿಯವರು ಕಂಬಳಿ ಕೊಪ್ಪೆ ತೆಗೆದಿಟ್ಟುಕೊಂಡೇ ಬೆಳೆದವರು. ಆದರೆ ಆ ಮಳೆ ಹನಿಹನಿಯಾಗಿ ವಾರಗಟ್ಟಲೆ ಹಿಡಿಯುತ್ತಿತ್ತು. ಈಗಿನದು ಹಾಗಲ್ಲ. ಎರಡು ತಾಸಿನಲ್ಲಿ ಬೋರ್ಗರೆದು ಸುರಿದು, ರಸ್ತೆಯನ್ನೆಲ್ಲ ತೊಳೆದುಕೊಂಡು ಬಂದು ಹೊಸ್ತಿಲು ದಾಟುತ್ತದೆ. ಕೆಲವು ವರ್ಷಗಳಿಂದ ಪ್ರತಿ ಮಳೆಗಾಲದಲ್ಲೂ ಲಿಂಗ ನೀರಿನಲ್ಲಿ ಮುಳುಗುತ್ತದೆ ಎಂದು ಪೂಜಾರಿ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ದುಃಖ ಕಾಣಲಿಲ್ಲ. ನಾನು ಅದನ್ನು ಭಕ್ತಿ ಎಂದುಕೊಂಡೆ.

ಮೊದಲು ರಸ್ತೆಯವರ ಹತ್ತಿರ ಹೋದೆ. ಗುಡಿಯ ಮುಂದಿನ ತುಣುಕನ್ನಾದರೂ ಅಗೆದು ಮಟ್ಟ ಇಳಿಸಿ ಎಂದು ಕೇಳಿದೆ. ಅಲ್ಲಿದ್ದ ಕಿರಿಯ ಇಂಜಿನಿಯರು ಚಹಾ ತರಿಸಿ ಬಹಳ ಮರ್ಯಾದೆಯಿಂದ ಹೇಳಿದ.

"ಮೇಡಂ, ರಸ್ತೆ ಅನ್ನೂದು ಏರತೈತ್ರಿ. ಇಳಿಯಂಗಿಲ್ಲ."

"ಹಂಗಾದ್ರ ಗುಡೀನ ಎತ್ತೂಣೇನು?"

"ಎತ್ತಾಕ ಬರತೈತೇನ್ರಿ?" ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಉಳಿದದ್ದು ನಮ್ಮ ಕೈಯಲ್ಲಾಗುವ ಕೆಲಸ. ರಸ್ತೆಯ ಬದಿಗೆ ಆಳವಾದ ಗಟಾರ ತೋಡಿ, ನೀರನ್ನು ಗುಡಿಯ ಎರಡೂ ಪಕ್ಕದಿಂದ ಹಿಂದಿನ ಹಳ್ಳಕ್ಕೆ ಇಳಿಸಿದೆವು. ಹೊಸ್ತಿಲ ಮುಂದೆ ಸುಣ್ಣದ ಗಚ್ಚಿನಲ್ಲಿ ಗಿಡ್ಡ ಕಟ್ಟೆ ಕಟ್ಟಿದೆವು. ಮಾಳಿಗೆಗೆ ತಾಡಪತ್ರಿ ಹೊದಿಸಿದೆವು. ಹಿಂದಿನ ಗೋಡೆಗೆ ಬಲ್ಲಿಗಳ, ಅಂದರೆ ಉದ್ದನೆಯ ಮರದ ಕಂಬಗಳ, ಆಸರೆ ಕೊಟ್ಟೆವು. ಗೌಂಡಿ ಹಳಿಯಾಳದ ಕಾಡಂಚಿನ ಒಂದು ಸಿದ್ದಿ ಕೇರಿಯವನು. ಭಾನುವಾರ ಚರ್ಚಿಗೆ ಹೋಗುತ್ತಿದ್ದ, ಉಳಿದ ದಿನ ಸುತ್ತಲಿನ ಊರುಗಳ ಮನೆ, ಗುಡಿ, ಮಸೀದಿ ಎಲ್ಲ ಅವನ ಕೈಯಲ್ಲೇ ಏಳುತ್ತಿದ್ದವು. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಜಿಪುಣ. ನಾನು ಹತ್ತು ಮಾತು ಬೈದರೆ ಅವನದು ಒಂದು "ಹೂಂ ಅಕ್ಕಾರ."

ಮಳೆ ಬಂತು. ರಸ್ತೆಯ ನೀರು ಗಟಾರ ಹಿಡಿದು ಹಳ್ಳಕ್ಕೆ ಹೋಯಿತು. ಒಂದು ಹನಿ ಹೊಸ್ತಿಲು ದಾಟಲಿಲ್ಲ. ನಾನು ಕೊಡೆ ಹಿಡಿದು ನಿಂತು ಹಿಗ್ಗಿದೆ. ಮರುದಿನ ಬೆಳಿಗ್ಗೆ ಒಳಗೆ ಹೋಗಿ ನೋಡಿದರೆ ಲಿಂಗದ ಪೀಠ ನೀರಿನಲ್ಲಿ!

ದಾಂಡೇಲಿಯಿಂದ ಪಂಪು ತರಿಸಿ ನೀರೆತ್ತಿಸಿದೆ. ಸಂಜೆಯೊಳಗೆ ನೆಲದ ಹಾಸುಗಲ್ಲಿನ ಸಂದುಗಳಿಂದ ನೀರು ಜಿನುಗಿ ಮತ್ತೆ ಅಷ್ಟೇ ಆಯಿತು. ಮತ್ತೆ ಎತ್ತಿಸಿದೆ. ಮತ್ತೆ ಬಂತು. ನೆಲ ತೊಯ್ದಿತ್ತು, ಸುತ್ತಲಿನ ಭೂಮಿ ತೊಯ್ದಿತ್ತು, ಒಳಗಿನದೇ ತಗ್ಗು. ಪಂಪಿನ ಸದ್ದಿಗೆ ಪೂಜಾರಿಗೆ ಮಂತ್ರ ಮರೆಯುತ್ತಿತ್ತಂತೆ. ಡೀಸೆಲ್ಲಿನ ಹೊಗೆಗೆ ನನಗೆ ತಲೆ ಕೆಟ್ಟು ಕೆರ ಹಿಡಿದಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಏನು ಎಂದು ಆ ವಾರ ತಿಳಿಯಿತು.

ಆಗ ನನ್ನ ಪ್ರಶ್ನೆಯೇ ತಿರುಗಿತು. ನೀರು ಹೇಗೆ ಬರುತ್ತಿದೆ ಎಂದು ಇಷ್ಟು ದಿನ ತಲೆ ಚಚ್ಚಿಕೊಂಡಿದ್ದೆ. ನೀರು ಹಿಂದಿನ ಕಾಲದಲ್ಲೂ ಜಿನುಗಿರಬೇಕಲ್ಲ, ಆಗ ಹೇಗೆ ಹೊರಗೆ ಹೋಗುತ್ತಿತ್ತು? ಶಿವನ ಗುಡಿಯೆಂದ ಮೇಲೆ ಅಭಿಷೇಕದ ನೀರು ಹೋಗುವುದಕ್ಕೆ ಉತ್ತರದ ಗೋಡೆಯಲ್ಲಿ ಗೋಮುಖ ಇರಲೇಬೇಕು. ಬಂದ ದಿನವೇ ಅದನ್ನು ಕೇಳಿದ್ದೆ. "ನಮ್ಮ ಗುಡಿಗೆ ಅದು ಇಲ್ರಿ ಬಾಯಾರ" ಎಂದಿದ್ದರು ಪೂಜಾರಿ. ಗುಡಿ ಕಮಿಟಿಯ ಅಧ್ಯಕ್ಷರೂ ಇಲ್ಲವೆಂದಿದ್ದರು. ಗೌಂಡಿಯನ್ನು ಕೇಳಿದಾಗ ಅವನು ಗಾರೆ ಕಲಸುತ್ತಲೇ ಇದ್ದ. ಉತ್ತರದ ಕಡೆ ಹೊರಗೆ ಎದೆಮಟ್ಟದವರೆಗೂ ಮಣ್ಣು ಏರಿ ಹುಲ್ಲು ಬೆಳೆದಿತ್ತು. ಏನೂ ಕಾಣುತ್ತಿರಲಿಲ್ಲ.

ಅದು ಸೋಮವಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹೆಣ್ಣುಮಕ್ಕಳು ಗುಡಿ ಸುತ್ತುತ್ತಿದ್ದರು. ನಾನು ಆಸರೆಯ ಬಲ್ಲಿಗೆ ಒರಗಿ ನಿಂತು ಸುಮ್ಮನೆ ನೋಡುತ್ತಿದ್ದೆ. ಒಬ್ಬಾಕೆ ಉತ್ತರದ ಗೋಡೆಯ ಅರ್ಧದವರೆಗೆ ಹೋದಳು, ನಿಂತಳು, ಕೈ ಮುಗಿದು ಬಂದ ದಾರಿಯಲ್ಲೇ ತಿರುಗಿದಳು. ಅವಳ ಹಿಂದಿನವಳೂ ಅಲ್ಲೇ ನಿಂತು ತಿರುಗಿದಳು. ಮೂರನೆಯವಳು ಮಾತಾಡುತ್ತ ಬಂದವಳು, ಮಾತು ನಿಲ್ಲಿಸದೆ ಅದೇ ಜಾಗದಲ್ಲಿ ತಿರುಗಿದಳು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ಶಿವನ ಗುಡಿ ಸುತ್ತುವವರು ಗೋಮುಖವನ್ನು ದಾಟುವುದಿಲ್ಲ. ಊರಿನ ಬಾಯಿ ಇಲ್ಲವೆಂದಿತ್ತು, ಊರಿನ ಕಾಲು ಮಾತ್ರ ಸುಳ್ಳು ಹೇಳಿರಲಿಲ್ಲ. ನಾನು ಗುದ್ದಲಿ ತರಿಸಿ ಅಲ್ಲೇ ಅಗೆಸಿದೆ.

ಸೊಂಟದ ಆಳಕ್ಕೆ ಸಿಕ್ಕಿತು. ಹೆಸರು ಗೋಮುಖ, ಕೆತ್ತಿದ್ದು ಮೊಸಳೆಬಾಯಿ, ಅದೂ ಎಷ್ಟು ಚಂದದ್ದು! ಮೇಲ್ದುಟಿ ಸುರುಳಿಯಾಗಿ ಮೇಲೆದ್ದಿತ್ತು, ಹಲ್ಲುಗಳು ಒಂದೊಂದೂ ಬೇರೆ ಬೇರೆ ಕೊರೆದದ್ದು. ಬಾಯಿಯ ತುಂಬ ಬೂದು ಬಣ್ಣದ್ದೇನೋ ಇತ್ತು. ಕೆಸರು ಎಂದು ಬೆರಳಿಂದ ಕೆರೆದೆ. ಉಗುರು ಮುರಿಯಿತು. ಅದು ಸಿಮೆಂಟು. ಕರಣೆಯಿಂದ ನೀಟಾಗಿ ನುಣ್ಣಗೆ ಉಜ್ಜಿದ ಸಿಮೆಂಟು.

"ಯಾವ ತಲಿಕೆಟ್ಟಾವ ಮಾಡ್ಯಾನಿದನ್ನ?" ಎಂದು ನಾನು ಕೂಗಿದ್ದು ಊರ ಬಾಗಿಲಿನವರೆಗೂ ಕೇಳಿರಬೇಕು.

ಪೂಜಾರಿ ಒದ್ದೆ ಪಂಚೆಯಲ್ಲೇ ಓಡಿ ಬಂದರು. "ಮುಟ್ಟಬ್ಯಾಡ್ರಿ ಬಾಯಾರ, ನಿಮ್ಮ ಕಾಲ ಬೀಳ್ತೇನಿ, ಮುಟ್ಟಬ್ಯಾಡ್ರಿ!"

ಆಮೇಲೆ ಕಥೆ ಹೊರಗೆ ಬಂತು. ಹಿಂದೊಂದು ವರ್ಷ ಮಳೆ ಕೈಕೊಟ್ಟಿತ್ತು. ನಾಟಿಗೆ ಬಂದ ಭತ್ತದ ಸಸಿ ಮಡಿಯಲ್ಲೇ ಹಳದಿಯಾಗುತ್ತಿತ್ತು. ಊರವರು ಶಿವನಿಗೆ ಜಲದಿಗ್ಬಂಧನ ಹಾಕಿದರು. ಗರ್ಭಗುಡಿಯ ನೀರು ಹೋಗುವ ಬಾಯಿ ಕಟ್ಟಿ, ಕೊಡಗಟ್ಟಲೆ ನೀರು ಹೊತ್ತು ಸುರಿದು, ಲಿಂಗ ಪೂರ್ತಿ ಮುಳುಗಿಸುವುದು. ಉಸಿರು ಕಟ್ಟಿದ ದೇವರು ಮಳೆ ಕಳಿಸುತ್ತಾನೆ ಎಂಬ ನಂಬಿಕೆ. ಮಳೆ ಬಂತು. ಸಾಲದ್ದಕ್ಕೆ ಅಂದಿನಿಂದ ಇಂದಿನವರೆಗೆ ವರ್ಷವರ್ಷಕ್ಕೂ ಹೆಚ್ಚೇ ಆಗುತ್ತ ಬಂತು. ಕಟ್ಟಿನ ಮೇಲೆ ಮಣ್ಣನ್ನೂ ಏರಿಸಿ ಮುಚ್ಚಿದರು. ಇನ್ನು ಕಟ್ಟು ಬಿಚ್ಚುವ ಧೈರ್ಯ ಯಾರಿಗಿದೆ?

"ಯಾರು ಕಟ್ಟಿದ್ದು?" ಎಂದು ಕೇಳಿದೆ. ಪೂಜಾರಿ ನೆಲ ನೋಡಿದರು. ನನ್ನ ಬೆನ್ನ ಹಿಂದಿನಿಂದ ಗೌಂಡಿಯ ದನಿ ಬಂತು.

"ನಾನ ಕಟ್ಟೀನ್ರಿ ಅಕ್ಕಾರ."

ತಿಂಗಳಿಂದ ನನ್ನ ಜತೆ ಪಂಪು ಹೊತ್ತು ತಿರುಗಿದವನು, ಗಟಾರ ತೋಡಿದವನು, ಒಂದು ಮಾತು ಹೇಳಬಾರದಿತ್ತೇ! ಬೈಗುಳ ಬಂದಷ್ಟೂ ಬೈದೆ. ಅವನು ಎಲ್ಲ ಕೇಳಿಸಿಕೊಂಡ.

"ಊರಾಗ ಹೇಳಬ್ಯಾಡ ಅಂದಿದ್ರರಿ. ನೀವು ಕೆಲಸ ಮುಗದ ಮ್ಯಾಲ ಧಾರವಾಡಕ್ಕ ಹೋಗ್ತೀರಿ. ನಾ ಇಲ್ಲೇ ಬಾಳ್ವೇ ಮಾಡಬೇಕಲ್ರಿ."

"ಅಲ್ಲೋ, ಸಿಮೆಂಟ್ ಯಾಕ ಹಾಕಿದಿ?"

"ಮೊದಲೆಲ್ಲ ಹುತ್ತಿನ ಮಣ್ಣು ಮೆತ್ತತಿದ್ರಂತರಿ. ಆ ವರ್ಷಾನೂ ಅದನ್ನ ಮೆತ್ತಿದ್ರು. ಲಿಂಗ ಮುಳಗೂದ್ರಾಗ ಕರಗಿ ನೀರು ಹೋಗಿಬಿಡ್ತು. ಎರಡನೇ ಸಲಾನೂ ಹಂಗ ಆತು. ಗಟ್ಟಿ ಮಾಡು ಅಂತ ನನ್ನ ಕರದ್ರು. ದೇವ್ರ ಬಾಯಿ ಕಟ್ಟೂ ಪಾಪ ತಮಗ ಬ್ಯಾಡ, ಇಂವ ಹೆಂಗೂ ಚರ್ಚಿಗೆ ಹೋಗಾಂವ ಅಂತ." ಸ್ವಲ್ಪ ತಡೆದು, ಗೋಮುಖದ ಕಡೆ ಬಗ್ಗಿ ನೋಡಿ ಹೇಳಿದ. "ಆದ್ರೂ ಇವತ್ತಿನ ತನಕಾ ಒಂದು ಹನಿ ಸೋರಿಲ್ಲ ನೋಡ್ರಿ."

ಅವನ ದನಿಯಲ್ಲಿ ಹೆಮ್ಮೆ ಇತ್ತು. ಅಳಬೇಕೋ ನಗಬೇಕೋ ತಿಳಿಯದೆ ನಾನು ಹಲ್ಲು ಕಡಿದೆ.

ಮಣ್ಣಿನ ಕಟ್ಟಿಗೆ ಒಂದು ಗುಣ ಇತ್ತು ಎಂದು ಆಗ ಹೊಳೆಯಿತು. ಮಳೆ ಬಂದು ನೀರು ಹೆಚ್ಚಾದರೆ ಅದು ತಾನಾಗಿಯೇ ಕರಗುತ್ತಿತ್ತು. ಯಾರೂ ಬಿಚ್ಚಬೇಕಿರಲಿಲ್ಲ, ಯಾರ ಮೇಲೂ ಅಪವಾದ ಬರುತ್ತಿರಲಿಲ್ಲ. ಸಿಮೆಂಟು ಬಂದು ಎಲ್ಲ ಕೆಡಿಸಿತ್ತು.

ಕಮಿಟಿಯ ಸಭೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂಡಿತು. ಗೋಡೆಯ ಕತೆಯನ್ನು ನಾನು ಮಣ್ಣಿನಲ್ಲಿ ಗೀರಿ ತೋರಿಸಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಎಲ್ಲ ಕೇಳಿದ ಮೇಲೆ ಅಧ್ಯಕ್ಷರು ತಂಬಾಕು ತಿಕ್ಕುತ್ತ ಕೇಳಿದರು.

"ಅದೆಲ್ಲ ಖರೆ ಮೇಡಂ. ಕಟ್ಟು ಬಿಚ್ಚಿದ ಮ್ಯಾಲ ಮಳಿ ನಿಂತ್ರ ಯಾರು ಜವಾಬ್ದಾರಿ?"

"ಮಳಿ ಹೆಚ್ಚಾಗಿ ಗುಡಿ ಬೀಳಾಕತ್ತೈತಿ. ನಿಮಗ ಮಳಿ ನಿಲ್ಲೂ ಚಿಂತಿ!"

"ಹೆಚ್ಚಾಗೂದು ಯಾಕಂತೀರಿ? ದೇವ್ರು ಕಟ್ಟಿನ್ಯಾಗ ಕುಂತಾನ, ಅದಕ್ಕ."

ಇದಕ್ಕೆ ಏನು ಹೇಳುತ್ತೀರಿ? ಅವರು ಲೆಕ್ಕ ಹಾಕಿದ್ದು ತಪ್ಪಾದರೂ ಅವರ ಕಣ್ಣೆದುರಿನ ಮಳೆ ಸುಳ್ಳಲ್ಲವಲ್ಲ. ಅಷ್ಟರಲ್ಲಿ ಹಿಂದೆ ಕೂತಿದ್ದ ಗೋವಿನಜೋಳದ ರೈತರು ಎದ್ದರು. ಅವರ ಬೆಳೆ ಎರಡು ವರ್ಷದಿಂದ ಅತಿ ಮಳೆಗೆ ಹೊಲದಲ್ಲೇ ಕೊಳೆಯುತ್ತಿತ್ತು.

"ಬಿಚ್ಚಿ ಒಗೀರಿ ಮೇಡಂ! ಮಳಿ ನಿಲ್ಲಲಿ! ನಮ್ಮ ಗ್ವಾಂಜಾಳ ತೆನಿ ಹೊಲದಾಗ ಮೊಳಕಿ ಒಡದಾವು!"

"ಹೌದೋ? ಹಂಗಾರ ನಮ್ಮ ಭತ್ತಕ್ಕ ನೀ ಬಂದು ನೀರು ಹಾಯ್ಸು!" ಎಂದು ಭತ್ತದವರು ಮೇಲೆದ್ದರು.

ನನ್ನ ಪರ ಯಾರಾದರೂ ಎದ್ದರಲ್ಲ ಎಂದು ಒಂದು ಕ್ಷಣ ಖುಷಿಯಾಗಿತ್ತು. ಮರುಕ್ಷಣವೇ ಅದು ಇಳಿಯಿತು. ನನಗೆ ಮಳೆ ನಿಲ್ಲಿಸಬೇಕಿರಲಿಲ್ಲ, ನೀರು ಹರಿಯಬೇಕಿತ್ತು. ಈಗ ನಾನು ಭತ್ತದವರ ಪಾಲಿಗೆ ಮಳೆ ಕದಿಯಲು ಬಂದವಳಾದೆ. ಸಂಸ್ಥೆಯ ಮುಖ್ಯಸ್ಥರಿಗೆ ಫೋನು ಮಾಡಿದರೆ, ಜನರ ಭಾವನೆಗೆ ಧಕ್ಕೆಯಾಗದಂತೆ ನೋಡಿಕೊಳ್ಳಿ, ಗೋಡೆಯೂ ಬೀಳದಂತೆ ನೋಡಿಕೊಳ್ಳಿ ಎಂದರು. ಹೇಳುವುದಕ್ಕೇನು! ಪೂಜಾರಿಯ ಹತ್ತಿರ ಒಬ್ಬಳೇ ಹೋಗಿ ಗೋಗರೆದೆ. ಕಟ್ಟು ಬಿಚ್ಚಬೇಕಾದರೆ ಕಟ್ಟಿದವನೇ ಬಿಚ್ಚಬೇಕು, ಅದು ಪದ್ಧತಿ ಎಂದರು ಅವರು. ಗೌಂಡಿ ಬರುವುದಿಲ್ಲ ಎಂದುಬಿಟ್ಟ.

"ಮಳಿ ಹೋದ್ರ ಊರೆಲ್ಲಾ ನನ್ನ ಮ್ಯಾಲ ಬರತೈತ್ರಿ. ಸುತ್ತ ಹತ್ತು ಊರಾಗ ಯಾರೂ ನನ್ನ ಕೈಯಾಗ ಒಂದು ಕಲ್ಲು ಇಡಸಂಗಿಲ್ಲ. ಮಕ್ಕಳನ್ನ ಕಟಕೊಂಡು ರಾಮನಗರಕ್ಕ ಹೋಗಿ ಹಮಾಲಿ ಮಾಡ್ಲೇನ್ರಿ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಇವನ ಅನ್ನ ಕಿತ್ತರೆ ನಾನು ಎಲ್ಲಿಂದ ತಂದುಕೊಡಲಿ?

ಮಾರನೆಯ ದಿನ ಮೊದಲನೇ ಗಾಜು ಸೀಳಿತ್ತು.

ಎರಡನೇ ಸಭೆಯೂ ಮೊದಲಿನಂತೆಯೇ ನಡೆಯಿತು. ಭತ್ತ, ಗೋವಿನಜೋಳ, ಭತ್ತ, ಗೋವಿನಜೋಳ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮನಸ್ಸಿನಲ್ಲೇ ಬೈಯುತ್ತ ಪೂಜಾರಿಯನ್ನು ನೋಡುತ್ತಿದ್ದೆ. ಅವರ ಕೊರಳಿನ ಶಿವದಾರ ಮಳೆಯಲ್ಲಿ ನೆನೆದು ನೆನೆದು ಎಳೆ ಬಿಟ್ಟಿತ್ತು. ಯಾರೋ ಹೊಸದೊಂದು ತಂದುಕೊಟ್ಟರು. ಅವರು ಜಗಳದ ನಡುವೆಯೇ ಹೊಸ ದಾರವನ್ನು ಕೊರಳಿಗೆ ಹಾಕಿ, ಇಷ್ಟಲಿಂಗದ ಕರಡಿಗೆಗೆ ಗಂಟು ಹಾಕಿ ಬಿಗಿ ಮಾಡಿ, ಆಮೇಲೆ ಹಳೆಯದನ್ನು ನಿಧಾನವಾಗಿ ತೆಗೆದರು.

"ಮೊದಲ ಹಳೇದು ಯಾಕ ತಗೀಲಿಲ್ರಿ?" ಎಂದು ಕೇಳಿದೆ.

"ಛೆ ಛೆ, ಲಿಂಗ ಮೈಮ್ಯಾಗಿಂದ ಕ್ಷಣಮಾತ್ರನೂ ಅಗಲಬಾರದು."

"ಅಂದ್ರ ನೀವು ದಾರ ಬಿಚ್ಚಿಧಂಗ ಆಗಲಿಲ್ಲ?"

"ಬಿಚ್ಚೂದೆಲ್ಲಿ ಬಂತ್ರಿ? ಬದಲಿ ಮಾಡಿಧಂಗ ಆತು."

ನಾನು ಎದ್ದು ನಿಂತೆ. "ಹಂಗಾರ ಗೋಮುಖದ್ದೂ ಬದಲಿ ಮಾಡೂಣು. ಮೊದಲ ಒಳಗಿಂದ ಹೊಸ ಕಟ್ಟು ಹಾಕ್ರಿ, ನಿಮ್ಮ ಹಿರ್ಯಾರು ಹಾಕ್ತಿದ್ದ ಹುತ್ತಿನ ಮಣ್ಣಿಂದು. ಅದು ಕುಂತ ಮ್ಯಾಲ ಹೊರಗಿಂದ ಹಳೇದು ತಗೀತೇವಿ. ಒಂದು ಕ್ಷಣನೂ ದೇವ್ರು ಕಟ್ಟಿಲ್ದ ಇರಂಗಿಲ್ಲ."

ಹುತ್ತಿನ ಮಣ್ಣು ಮಳೆಗಾಲದಲ್ಲಿ ಎಷ್ಟು ದಿನ ತಾಳುತ್ತದೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಅಧ್ಯಕ್ಷರು ತಂಬಾಕು ಬಾಯಿಗೆ ಹಾಕಿಕೊಂಡರು. "ಪದ್ಧತಿ ಪ್ರಕಾರ ಆದ್ರ ನನ್ನದೇನು ತಕರಾರಿಲ್ಲ" ಎಂದರು. ಗೌಂಡಿ ದೂರದಿಂದಲೇ ಕೇಳಿದ. "ಬಿಚ್ಚೂದಲ್ಲ ಹೌದಲ್ರಿ? ಬದಲಿ?" ಬದಲಿ ಎಂದರು ಪೂಜಾರಿ. ಹಾಗಾದರೆ ಬರುತ್ತೇನೆ ಎಂದ.

ಗೋಮುಖದಿಂದ ಹಳ್ಳದವರೆಗೆ ಕಾಲುವೆ ಅಗೆದೆವು. ಪಂಪಿನಿಂದ ಒಳಗಿನ ನೀರೆತ್ತಿದ ಮೇಲೆ ಪೂಜಾರಿ ಒಳಗಿನ ಕಿಂಡಿಗೆ ಮಣ್ಣು ಮೆತ್ತಿದರು. ಹೊರಗೆ ಗೌಂಡಿ ಉಳಿ ಸುತ್ತಿಗೆ ಹಿಡಿದು ಕೂತ. ಡ್ರಿಲ್ಲು ಹಚ್ಚುವಂತಿರಲಿಲ್ಲ, ಗೋಡೆ ನಡುಗುತ್ತದೆ. ಸಣ್ಣ ಉಳಿಯಿಂದ ಚೂರು ಚೂರೇ ಎಬ್ಬಿಸಬೇಕು. ಕೈಗೆ ಬೊಬ್ಬೆ ಬಂದರೂ ತನ್ನ ಸಿಮೆಂಟನ್ನು ತಾನೇ ಬೈಯುತ್ತ ಕೊರೆದ. ಕೊನೆಯ ದೊಡ್ಡ ಹೆಂಟೆ ಅಲುಗಿತು. ಅದರ ಜತೆ ಮೊಸಳೆಯ ಮೇಲ್ದುಟಿಯೂ ಟಪ್ಪೆಂದು ಮುರಿದು ಅವನ ಅಂಗೈಗೆ ಬಂತು. ಸಿಮೆಂಟು ಕಲ್ಲನ್ನು ಕಚ್ಚಿಕೊಂಡಿತ್ತು. ಶತಮಾನಗಳ ಮಳೆಗೆ ಅಲುಗದ ತುಟಿ ಅದು. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಗೌಂಡಿ ಆ ತುಣುಕನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

ಇನ್ನು ಮಣ್ಣು ಕರಗುವುದೊಂದೇ ಬಾಕಿ. ಮಳೆ ಹಿಡಿಯಿತು. ಒಳಗೆ ನೀರು ಏರಿತು. ಪೀಠ ಮುಳುಗಿತು. ಮಣ್ಣು ಜಪ್ಪಯ್ಯ ಎನ್ನಲಿಲ್ಲ.

"ಏನ ಹಾಕೀರಿ ಅದರಾಗ?" ಎಂದು ಪೂಜಾರಿಯನ್ನು ಹಿಡಿದು ಕೇಳಿದೆ.

"ದೇವ್ರ ಕೆಲಸ ಅಂತ ಛಲೋತ್ನ್ಯಾಗ ಮಾಡೀನ್ರಿ. ಬೆಲ್ಲ, ಸುಣ್ಣ, ಒಂದೀಟು ಅಂಟು..."

ತಲೆ ಮೇಲೆ ಕೈ ಹೊತ್ತು ಕೂತೆ. ಕೋಲು ಹಾಕಿ ತಿವಿಯುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ಹೊರಗೆ ಕಾಲುವೆ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಎರಡನೇ ಗಾಜು ಸೀಳಿತು, ಮೂರನೆಯದೂ ಸೀಳಿತು. ನಾನು ಗುಡಿಯ ಹಿಂದೆ ಯಾರೂ ಹೋಗದಂತೆ ಹಗ್ಗ ಕಟ್ಟಿಸಿದೆ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕಲ್ಲಿನ ಲಾರಿ ಇಳಿಸಿದಂಥ ಸದ್ದಾಯಿತು.

ಓಡಿದೆವು. ಹಿಂದಿನ ಗೋಡೆಯ ಮೂಲೆ, ಹೊರಗಿನ ಸಾಲು, ಬಲ್ಲಿಗಳ ಸಮೇತ ಕೆಳಗೆ ಬಿದ್ದಿತ್ತು. ಒಳಗಿನ ಸಾಲು ನಿಂತಿತ್ತು, ಮಾಳಿಗೆ ನಿಂತಿತ್ತು. ನಡುವಿನಿಂದ ಕೆಸರು ಅಂಬಲಿಯ ಹಾಗೆ ಇಳಿಯುತ್ತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಅದೇ ಸಂಜೆ ಮಣ್ಣು ಕರಗಿತು. ಗೋಮುಖದಿಂದ ನೀರು ದಬದಬ ಸುರಿದು ಹಳ್ಳ ಸೇರಿತು. ಜನ ಬಂದು ಕೈಮುಗಿದು ಆ ನೀರನ್ನು ತಲೆಗೆ ಚಿಮುಕಿಸಿಕೊಂಡರು. ಆ ನೀರು ಬೆಳಿಗ್ಗೆಯೇ ಹೋಗಿದ್ದರೆ ಗೋಡೆ ಉಳಿಯುತ್ತಿತ್ತು ಎಂದು ನಾನು ಯಾರಿಗೆ ಹೇಳಲಿ?

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಮರುದಿನದಿಂದ ಮಳೆ ನಿಂತಿತು.

ಮಳೆಗಾಲದ ನಡುವೆ ಹೀಗೆ ಬಿಡುವು ಬೀಳುವುದು ಯಾವಾಗಲೂ ಇದ್ದದ್ದೇ. ಅದನ್ನು ಆ ಊರಿಗೆ ಹೇಳಿ ನೋಡಿ! ಬಿಸಿಲು ಏರಿದ ಹಾಗೆ ಜನರ ಮುಖ ಇಳಿಯಿತು. ನಾಟಿ ಗದ್ದೆಯ ಮಣ್ಣು ಗಟ್ಟಿಯಾಗತೊಡಗಿತು. ಗೋವಿನಜೋಳದವರು ನನ್ನನ್ನು ಕಂಡಲ್ಲಿ ನಮಸ್ಕಾರ ಮಾಡತೊಡಗಿದರು, ಅದು ಭತ್ತದವರ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಗೌಂಡಿ ಮುಂದಿನ ಊರಿನಲ್ಲಿ ಹಿಡಿದಿದ್ದ ಮನೆಯ ಕೆಲಸ ತಪ್ಪಿತು. ಅವರು ಬೇರೆಯವರನ್ನು ಕರೆಸಿಕೊಂಡರಂತೆ. ಅವನು ಅದನ್ನು ಹೇಳಲಿಲ್ಲ, ಅವನ ಹೆಂಡತಿ ಬುತ್ತಿ ತಂದಾಗ ಹೇಳಿದಳು.

ಕಡೆಗೊಂದು ದಿನ ಅಧ್ಯಕ್ಷರು ಇಡೀ ಕಮಿಟಿಯೊಂದಿಗೆ ಬಂದರು. ನಾವು ಬಿದ್ದ ಕಲ್ಲುಗಳಿಗೆ ಅಂಕಿ ಬರೆದು ಅಂಗಳದಲ್ಲಿ ಸಾಲಾಗಿ ಜೋಡಿಸುತ್ತಿದ್ದೆವು. ಅವರು ನನ್ನ ಕಡೆ ನೋಡಲಿಲ್ಲ. ನೇರ ಗೌಂಡಿಗೆ ಹೇಳಿದರು.

"ಮಣ್ಣಿಂದು ಕರಗೈತಿ. ನೀ ಮೊದಲಿನ ಹಂಗ ಸಿಮೆಂಟಿಂದು ಕಟ್ಟು. ಇವತ್ತ ಕಟ್ಟು."

ನಾನು ಬಾಯಿ ತೆರೆದೆ. ಗೌಂಡಿ ಕೈ ಎತ್ತಿ ತಡೆದ. ಅವನು ನನ್ನನ್ನು ತಡೆದದ್ದು ಅದೇ ಮೊದಲು.

"ಕಟ್ತೇನ್ರಿ, ನೀವು ಹೇಳಿದ ಮ್ಯಾಲ ಇಲ್ಲ ಅಂತೇನೇನು? ಆದ್ರ ಮೊದಲ ಗ್ವಾಡಿ ಕಟ್ಟಬೇಕಲ್ರಿ. ಗ್ವಾಡಿ ಬಯ್ಲಾಗೈತಿ. ಹಿಂದ ಹಿಂಗ ಹಾರು ಹೊಡದ ಗುಡ್ಯಾಗ ದೇವ್ರನ್ನ ಕಟ್ಟಿ ಹಾಕಿದ್ರ ಕಟ್ಟು ಕುಂತೀತೇನ್ರಿ?"

ಅಧ್ಯಕ್ಷರು ಪೂಜಾರಿಯ ಮುಖ ನೋಡಿದರು. ಪೂಜಾರಿ ಗೋಡೆಯ ತೂತು ನೋಡಿದರು. "ಅದೂ ಖರೆ" ಎಂದರು. "ದಿಗ್ಬಂಧನ ಅಂದ್ರ ನಾಕೂ ದಿಕ್ಕು ಬಂದ್ ಇರಬೇಕು."

"ಗ್ವಾಡಿ ಯಾವಾಗ ಮುಗೀತೈತಿ?"

"ಹಸಿ ಗ್ವಾಡಿ ಕಟ್ಟಾಕ ಬರಂಗಿಲ್ರಿ. ಮಳಿಗಾಲ ಮುಗೀಲಿ. ಗ್ವಾಡಿ ಪೂರಾ ಆದ ದಿವಸ ಬಾಯೀನೂ ಕಟ್ತೇನಿ. ಮಾತು ಕೊಟ್ಟೇನಿ."

ಅವರು ಹೋದರು. ಮಳೆ ಮತ್ತೆ ಬಂತು, ಬರದೆ ಎಲ್ಲಿಗೆ ಹೋಗುತ್ತದೆ! ಗೋಮುಖ ಹರಿಯಿತು, ಲಿಂಗದ ಪೀಠ ಒಣಗಿಯೇ ಇತ್ತು, ಭತ್ತ ತೆನೆ ಹಿಡಿಯಿತು. ಆದರೂ ಕಟ್ಟಿನ ಮಾತನ್ನು ಯಾರೂ ಮರೆಯಲಿಲ್ಲ. ಕಟ್ಟಿಲ್ಲದಿದ್ದರೂ ದೇವರು ಈ ಒಂದು ವರ್ಷ ಮಳೆ ಕೊಟ್ಟಿದ್ದಾನೆ, ಅಷ್ಟೇ, ಎಂದರು.

ದೀಪಾವಳಿ ಕಳೆದ ಮೇಲೆ ಗೋಡೆಯ ಕೆಲಸ ಹಿಡಿದೆವು. ಒಣಸುಣ್ಣ, ಮರಳು, ಇಟ್ಟಿಗೆ ಪುಡಿ ಕೂಡಿಸಿ ಅರೆದ ಗಚ್ಚು. ಒಂದೊಂದೇ ಕಲ್ಲು ಅದರ ಅಂಕಿಯ ಜಾಗಕ್ಕೆ. ಬೇಸಿಗೆ ಬರುವ ಹೊತ್ತಿಗೆ ಗೋಡೆ ಮೊದಲಿಗಿಂತ ನೆಟ್ಟಗೆ ನಿಂತಿತು. ಮೊಸಳೆಯ ತುಟಿಯನ್ನು ತಾಮ್ರದ ಮೊಳೆ ಕೊಟ್ಟು ಕೂರಿಸಿದೆವು. ಕೆಲಸ ಮುಗಿಯುತ್ತ ಬಂದ ಹಾಗೆ ನನಗೆ ಎದೆ ಭಾರವಾಗುತ್ತಿತ್ತು. ಮುಗಿದ ದಿನವೇ ಸಿಮೆಂಟಿನ ಚೀಲ ಬರುತ್ತದೆ, ಇದೇ ಗೋಡೆ ಮತ್ತೆ ನೀರು ಕುಡಿಯುತ್ತದೆ. ನಾನು ಕಟ್ಟುತ್ತಿರುವುದು ಬೀಳುವುದಕ್ಕೇ ಎಂದ ಹಾಗಾಯಿತು. ಇಂಥ ಕೆಲಸ ಮಾಡುವುದಕ್ಕಿಂತ ಮನೆಯಲ್ಲಿ ರೊಟ್ಟಿ ಬಡಿಯುವುದು ಮೇಲು ಎನಿಸಿಬಿಟ್ಟಿತ್ತು.

ಮೇಲಿನ ಸಾಲಿನಲ್ಲಿ, ಮಾಳಿಗೆಯ ಚಾಚಿನ ಕೆಳಗೆ, ಒಂದೇ ಕಲ್ಲು ಉಳಿಯಿತು. ತೊಡೆಯಷ್ಟು ಗಾತ್ರದ್ದು. ಹಿಂದಿನ ತುಂಬುವಿಕೆಯ ಮೇಲೆ ಗೌಂಡಿ ಸುಣ್ಣದ ಗಿಲಾವ ಮಾಡಿ, ಹನಿ ಒಳಗೆ ಹೋಗದಂತೆ ಉಜ್ಜಿ, ಏಣಿಯಿಂದ ಇಳಿದ. ಕೈ ತೊಳೆದ. ಕರಣೆ, ಸುತ್ತಿಗೆ ಚೀಲಕ್ಕೆ ಹಾಕಿದ.

"ಆ ಕಲ್ಲೊಂದು ಉಳೀತಲ್ಲೋ" ಎಂದೆ.

"ಉಳೀಲಿ ಬಿಡ್ರಿ ಅಕ್ಕಾರ. ಅದಿಲ್ಲಂದ್ರ ಗ್ವಾಡಿಗೇನು ಧಕ್ಕಿ ಇಲ್ಲ. ಗ್ವಾಡಿ ಮಾತ್ರ ಪೂರಾ ಆಗಂಗಿಲ್ಲ."

ನಾನು ಅವನ ಮುಖ ನೋಡಿದೆ. ಅವನು ಚೀಲದ ಬಾಯಿಗೆ ಗಂಟು ಹಾಕುತ್ತಿದ್ದ.

ಅರ್ಧಂಬರ್ಧ ಕೆಲಸ ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದರೂ ಗೋಡೆಯ ಕೆಲಸ ಇನ್ನೂ ಬಾಕಿ ಇದೆ ಎಂದು ಅಧ್ಯಕ್ಷರಿಗೆ ನಾನೇ ಹೋಗಿ ಹೇಳಿ ಬಂದೆ. ಎಷ್ಟು ಬಾಕಿ ಎಂದು ಕೇಳಿದರು. ಒಂದು ಕಲ್ಲು ಎಂದೆ. ಅವರು ತಂಬಾಕು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅವಸರ ಮಾಡಬ್ಯಾಡ್ರಿ ಮೇಡಂ" ಎಂದರು.